ಸುಳಿ ಹೋದ ಆರ್ಕಿಡ್

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟಲು ಶುರುವಾಗಿದ್ದ ದಿನಗಳವು. ತುಮಕೂರಿನ ಕುಣಿಗಲ್ ರಸ್ತೆಯಲ್ಲಿರುವ ನನ್ನ ನರ್ಸರಿಯ ಮುಂದೆ ಒಂದು ಆಟೋ ಬಂದು ನಿಂತಿತು. ಹಣೆಯ ತುಂಬ ವಿಭೂತಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡಿದ್ದ ವಯಸ್ಸಾದ ಯಜಮಾನರೊಬ್ಬರು ಒಂದು ಕೈಯಲ್ಲಿ ಮಂಡಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟೆಚೀಲವನ್ನು ಎದೆಗೆ ಅವುಚಿಕೊಂಡು ಇಳಿದರು. ಚೀಲ ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಯಿತು, ಒಳಗಿರುವುದು ಸಾಯುತ್ತಿರುವ ಗಿಡ. ನರ್ಸರಿ ಇಟ್ಟವರ ಹಣೆಬರಹವೇ ಇಷ್ಟು. ಗಿಡ ನಗುನಗುತ್ತಾ ಇರುವಾಗ ಯಾರೂ ತಂದು ತೋರಿಸುವುದಿಲ್ಲ. ಪಕ್ಕದ ಮನೆಯವರ ಮದ್ದು, ಮೊಬೈಲಿನಲ್ಲಿ ನೋಡಿದ ಮದ್ದು ಎಲ್ಲ ಮುಗಿದ ಮೇಲೆ ಕೊನೆಗೆ ನಾವು.

"ಇದ್ಕೇನಾರ ಮದ್ದು ಐತಾ ನೋಡವ್ವ," ಎಂದು ಅವರು ಕುಂಡವನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

ಆರ್ಕಿಡ್. ಕುಂಡದ ಮೇಲೆ ನಮ್ಮ ನರ್ಸರಿಯ ಹಳದಿ ಚೀಟಿ ಇನ್ನೂ ಅರ್ಧ ಅಂಟಿಕೊಂಡಿತ್ತು. ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವವರಿಗೆಂದು ಬೆಂಗಳೂರಿನಿಂದ ಹೂವಿರುವ ಆರ್ಕಿಡ್ ತರಿಸಿ ಮಾರುತ್ತೇನೆ. ನಮ್ಮ ಊರಲ್ಲಿ ಅದರ ಆಯುಷ್ಯ ಹೂವಿರುವಷ್ಟೇ ದಿನ. ಹೂವು ಉದುರಿತೋ, ಗಿಡ ಕಸಕ್ಕೆ, ಕುಂಡ ಮನಿಪ್ಲಾಂಟಿಗೆ. ನಾನು ಮಾರಿದ ಒಂದು ಆರ್ಕಿಡ್ ಇಷ್ಟು ಕಾಲ ಬದುಕಿ ವಾಪಸ್ಸು ಬಂದದ್ದು ಅದೇ ಮೊದಲು. ಬಂದಿದ್ದ ಸ್ಥಿತಿ ಮಾತ್ರ ನೋಡುವ ಹಾಗಿರಲಿಲ್ಲ.

ಅಗಲವಾದ ದಪ್ಪ ಎಲೆಗಳು ಎರಡೂ ಕಡೆ ಜೋತು ಬಿದ್ದಿದ್ದವು. ನಡುವಿನ ಎಳೆ ಎಲೆಯನ್ನು ಮೆಲ್ಲಗೆ ಮುಟ್ಟಿದೆ. ಅದು ಬುಡದಿಂದ ಕಿತ್ತು ಕೈಗೇ ಬಂತು. ಕೆಳಗೆ ಕಪ್ಪಗೆ ಕೊಳೆತು ಅಂಟಂಟಾಗಿತ್ತು. ಸುಳಿಯೊಳಗೆ ಬೆರಳಾಡಿಸಿದರೆ ಬೂದಿ, ಅದರ ಜೊತೆ ಹರಳು ಹರಳಾಗಿ ಏನೋ.

"ಯಜಮಾನ್ರೇ, ಇದರೊಳಗೆ ಏನ್ ಹಾಕಿದ್ರಿ?"

"ಬೂದಿ. ಒಸಿ ಉಪ್ಪು."

"ಉಪ್ಪು ಯಾಕೆ ಹಾಕಿದ್ರಿ?"

"ತೆಂಗಿಗೆ ಹಾಕಲ್ವಾ ನಾವು? ಸುಳಿ ಕೊಳೀತಾ ಐತೆ ಅನ್ನುಸ್ತು. ಹಾಕ್ದೆ."

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನಾನು ಬೆಳ್ಳಾವಿಯ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದವಳು. ತೆಂಗಿನ ಸಸಿಯ ಸುಳಿಗೆ ಏನಾದರೂ ಆದರೆ ನಮ್ಮಪ್ಪ ಮಾಡುತ್ತಿದ್ದದ್ದೂ ಇದನ್ನೇ. ಈ ಯಜಮಾನರು ಗುಬ್ಬಿ ಕಡೆಯ ತೋಟದವರು. ಈಗ ತುಮಕೂರಿನಲ್ಲಿ ಗುಬ್ಬಿ ಗೇಟ್ ಹತ್ತಿರ ಮಗ ಸೊಸೆಯ ಜೊತೆ ಮಹಡಿ ಮನೆಯಲ್ಲಿದ್ದಾರೆ. ತೋಟದವರ ಕೈಗೆ ಯಾವ ಗಿಡ ಕೊಟ್ಟರೂ ಅವರ ಕಣ್ಣಿಗೆ ಅದು ತೆಂಗಿನ ಮರವೇ.

ಆದರೆ ಬೂದಿ ಉಪ್ಪು ಬಿದ್ದದ್ದು ಕೊಳೆತ ಮೇಲೆ. ಕೊಳೆಸಿದ್ದು ಯಾವುದು? ಕುಂಡಕ್ಕೆ ಮೂಗಿಟ್ಟೆ. ಹುಳಿಹಾಲಿನ ವಾಸನೆ. ಅಲುಗಾಡಿಸಿದರೆ ಬೇರಿನ ನಡುವಿಂದ ಇರುವೆಗಳು ಸಾಲಾಗಿ ಹೊರಟವು. ಒಳಗಿದ್ದದ್ದು ಕಪ್ಪಾದ ಬಾಳೆಹಣ್ಣಿನ ಚೂರು.

ಕೇಳಿದ ಮೇಲೆ ಯಜಮಾನರು ಒಂದೊಂದಾಗಿ ಹೇಳಿದರು. ಅವರದು ದಿನಾ ಬೆಳಗ್ಗೆ ಲಿಂಗಪೂಜೆ. ನೀರು, ಸ್ವಲ್ಪ ಹಾಲು, ಸೋಮವಾರವಾದರೆ ಬಾಳೆಹಣ್ಣು ಬೆಲ್ಲ. ಪೂಜೆ ಮಾಡಿದ ನೀರು ಕಾಲು ತುಳಿಯುವ ಜಾಗಕ್ಕೆ ಬೀಳಬಾರದು, ಗಿಡದ ಬುಡಕ್ಕೆ ಹೋಗಬೇಕು. ತೋಟದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಇಲ್ಲಿ ಮನೆಯ ಸುತ್ತ ಒಂದು ಹಿಡಿ ಮಣ್ಣಿಲ್ಲ, ಎಲ್ಲ ಸಿಮೆಂಟು. ಸೊಸೆ ಶಾಲೆಯ ಟೀಚರು. ದಿನಾ ಕೆಲಸಕ್ಕೆ ಹೋಗುವಾಗ ಆ ನೀರಿನ ತಂಬಿಗೆಯನ್ನು ಅವಳೇ ಕೆಳಗೆ ತೆಗೆದುಕೊಂಡು ಹೋಗಿ, ರಸ್ತೆಯ ಕೊನೆಯ ಹೊಂಗೆಮರಕ್ಕೆ ಹಾಕಿ, ಖಾಲಿ ತಂಬಿಗೆಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದಳಂತೆ.

ಅಷ್ಟರಲ್ಲಿ ಕುಣಿಗಲ್‌ನಲ್ಲಿ ಅವಳ ತಾಯಿ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೊಸೆ ರಜೆ ಹಾಕಿ ತಾಯಿಯನ್ನು ನೋಡಿಕೊಳ್ಳಲು ಹೋದಳು. ಹೋಗುವ ಮುಂಚೆ ಮಾವನಿಗೆ ಹೇಳಿದ್ದು ಒಂದೇ ಮಾತು, "ಮಾವ, ನನ್ ಆರ್ಕಿಡ್ ಒಂದ್ ನೋಡ್ಕೊಳಿ." ಗೃಹಪ್ರವೇಶಕ್ಕೆ ಜೊತೆಯ ಟೀಚರುಗಳು ಕೊಟ್ಟ ಗಿಡವದು. ಹೂವು ಉದುರಿದ ಮೇಲೂ ಬಿಡದೆ ಸಾಕಿ, ಹೋದ ವರ್ಷ ಎರಡನೇ ಸಲ ಹೂ ಬಿಡಿಸಿದ್ದಳು.

"ಮಗ ಬೆಳಿಗ್ಗೆ ಶಿಫ್ಟಿಗೆ ಹೋಗ್ಬುಡ್ತಾನೆ. ನಂಗೆ ದಿನಾ ಮೆಟ್ಲು ಹತ್ತಿ ಇಳಿಯಾಕೆ ಮಂಡಿ ಬುಡಲ್ಲ," ಎಂದರು ಯಜಮಾನರು. "ನೀರು ತಗಂಡೋಗೋಳು ಅವ್ಳು. ಗಿಡಾನೂ ಅವ್ಳ್ದೇ. ಅದ್ಕೇ ಹಾಕ್ದೆ. ದೇವ್ರ ನೀರು, ಒಳ್ಳೇದೇ ಆಯ್ತದೆ ಅಂದ್ಕಂಡೆ ಕಣವ್ವ."

ಒಳ್ಳೆಯದಾಗಲಿ ಎಂದು ಹಾಕಿದ ನೀರು ಎಲೆಗಳ ನಡುವಿನ ಸುಳಿಯಲ್ಲಿ ನಿಂತು, ಹಾಲು ಹುಳಿತು, ಸುಳಿ ಕೊಳೆಯಿತು. ಆರ್ಕಿಡ್ ಮರದ ಕೊಂಬೆಗೆ ಅಂಟಿಕೊಂಡು ವಾಲಿ ಬೆಳೆಯುವ ಗಿಡ. ಸುಳಿಗೆ ಬಿದ್ದ ನೀರು ಅಲ್ಲಿ ಜಾರಿಹೋಗುತ್ತದೆ. ಕುಂಡದಲ್ಲಿ ನೆಟ್ಟಗೆ ಕೂತರೆ ಅದೇ ನೀರು ಬಟ್ಟಲಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಇದನ್ನೆಲ್ಲ ವಿವರಿಸಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಅವ್ಳು ಬರೋದ್ರೊಳಗೆ ಬದುಕ್ತದಾ?" ಎಂದರು. ನನಗೆ ಗೊತ್ತಿರಲಿಲ್ಲ. ಬಿಟ್ಟು ಹೋಗಿ, ನೋಡೋಣ ಎಂದೆ.

ತೆಂಗಿನ ಸಸಿಗಳ ಕಡೆ ಇದ್ದ ನನ್ನ ಗಂಡ ಬಂದು ನೋಡಿ, "ಸುಳೀನೇ ಹೋಗೈತೆ. ಇನ್ನೇನೇ ಉಳ್ಸ್ತೀಯಾ ಇದ್ರಲ್ಲಿ?" ಎಂದ. ತೆಂಗಿನ ವಿಷಯದಲ್ಲಿ ಅವನ ಮಾತು ಸರಿ. ಮರಕ್ಕೆ ಇರುವುದು ಒಂದೇ ಸುಳಿ, ಅದು ಹೋದರೆ ಕಂಬ ಮಾತ್ರ. ಆರ್ಕಿಡ್‌ನದೂ ಹೆಚ್ಚು ಕಡಿಮೆ ಹಾಗೆಯೇ, ನಡುವಿನ ಸುಳಿಯಿಂದಲೇ ಹೊಸ ಎಲೆ ಬರಬೇಕು. ಆದರೆ ಬುಡದಲ್ಲಿ ಮಲಗಿರುವ ಕಣ್ಣುಗಳಿರುತ್ತವೆ, ಸುಳಿ ಸತ್ತರೆ ಒಮ್ಮೊಮ್ಮೆ ಪಕ್ಕದಿಂದ ಮರಿ ಒಡೆಯುತ್ತದೆ ಎಂದು ಆರ್ಕಿಡ್ ಬೆಳೆಯುವವರು ಹೇಳಿದ್ದು ಕೇಳಿದ್ದೆ. ನಾನೇ ಕಂಡಿರಲಿಲ್ಲ.

ಅವತ್ತು ಮಧ್ಯಾಹ್ನವೇ ಕೆಲಸಕ್ಕೆ ಕೂತೆ. ಕುಂಡದಿಂದ ಗಿಡ ಬಿಡಿಸಿ, ಹಳೆಯದನ್ನೆಲ್ಲ ಕೊಡವಿ, ಉಪ್ಪು ಹೋಗುವ ತನಕ ಉಗುರು ಬೆಚ್ಚನೆ ನೀರಿನಲ್ಲಿ ತೊಳೆದೆ. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೆಂಕಿಗೆ ಹಿಡಿದು, ಒತ್ತಿದರೆ ಮೆತ್ತಗೆ ನೀರು ಬಿಡುವ ಬೇರುಗಳನ್ನೆಲ್ಲ ಕತ್ತರಿಸಿದೆ. ಗಟ್ಟಿ ಬೇರುಗಳು ಕೆಲವು ಉಳಿದವು. ಸುಳಿಯ ಕಪ್ಪು ಭಾಗವನ್ನು ಕೆರೆದು, ಹತ್ತಿಯಿಂದ ಒರೆಸಿ, ಗಾಯಕ್ಕೆ ಅಡುಗೆಮನೆಯ ಚಕ್ಕೆ ಪುಡಿ ಉದುರಿಸಿದೆ. ಚಕ್ಕೆ ಪುಡಿ ಬೂಷ್ಟು ಹಿಡಿಯಲು ಬಿಡುವುದಿಲ್ಲ, ಗಾಯ ಬೇಗ ಒಣಗಿಸುತ್ತದೆ. ಅಷ್ಟಕ್ಕೆ ಕೈ ತೊಳೆದಿದ್ದರೆ ಚೆನ್ನಾಗಿತ್ತು. ಉತ್ಸಾಹದಲ್ಲಿ ಬೇರುಗಳಿಗೂ ಧಾರಾಳವಾಗಿ ಉದುರಿಸಿಬಿಟ್ಟೆ.

ಮರುಸೋಮವಾರ ಯಜಮಾನರು ಮತ್ತೆ ಆಟೋದಲ್ಲಿ ಬಂದರು. ಕೈಯಲ್ಲೊಂದು ಗೋಣಿಚೀಲ. ಆರ್ಕಿಡ್ ಬೇರಿಗೆ ಮಣ್ಣು ಆಗುವುದಿಲ್ಲ, ಇದ್ದಿಲು ಮತ್ತು ತೆಂಗಿನಕಾಯಿ ಸುಲಿದ ಮಟ್ಟೆಯ ತುಂಡು ಬೇಕು, ಅದೂ ಹೊಸದಲ್ಲ, ಒಗರು ಬಿಟ್ಟು ಹೋದ ಹಳೇ ಮಟ್ಟೆ ಎಂದು ನಾನು ಬಾಯಿಮಾತಿಗೆ ಅಂದಿದ್ದೆ. ತೋಟದ ಬೇಲಿ ಪಕ್ಕ ಒಂದು ಮಳೆಗಾಲ ನೆನೆದು ಬಿಸಿಲಿಗೆ ಒಣಗಿದ ಮಟ್ಟೆಗಳನ್ನು ಗುಬ್ಬಿ ಬಸ್ಸಿನಲ್ಲಿ ಹಾಕಿ ಕಳಿಸು ಎಂದು ಅಣ್ಣನ ಮಗನಿಗೆ ಫೋನು ಮಾಡಿದ್ದರಂತೆ. ಅಂಗೈಯಷ್ಟು ಕುಂಡಕ್ಕೆ ಒಂದು ಮೂಟೆ ಮಟ್ಟೆ. ಉಳಿದದ್ದು ಇವತ್ತಿಗೂ ನನ್ನ ಶೆಡ್ಡಿನಲ್ಲಿದೆ.

ಮಟ್ಟೆಯನ್ನು ತುಂಡು ಮಾಡಿ ಇದ್ದಿಲ ಜೊತೆ ಕುಂಡಕ್ಕೆ ತುಂಬಿ ಗಿಡವನ್ನು ಸ್ವಲ್ಪ ಓರೆಯಾಗಿ ಕೂರಿಸಿದೆ. ಯಜಮಾನರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ನಡುವೆ ಒಂದು ಸಲ, "ಒಸಿ ಬೇವಿನ ಹಿಂಡಿ," ಎಂದರು. ನಾನು ಕಣ್ಣು ಬಿಟ್ಟು ನೋಡಿದೆ. "ಆಯ್ತು ಬುಡು," ಎಂದು ಸುಮ್ಮನಾದರು.

ಹತ್ತು ಹದಿನೈದು ದಿನದಲ್ಲಿ ನನ್ನ ತಪ್ಪು ಬಯಲಾಯಿತು. ಗಟ್ಟಿಯಾಗಿದ್ದ ಬೇರುಗಳೂ ದಾರದ ಹಾಗೆ ಸೊರಗಿದವು. ಚಕ್ಕೆ ಪುಡಿ ಗಾಯದ ತೇವ ಹೀರುವಂತೆ ಬೇರಿನ ತೇವವನ್ನೂ ಹೀರಿಬಿಡುತ್ತದೆ. ಎಲೆಗಳು ಒಂದರ ಹಿಂದೆ ಒಂದು ಹಳದಿಯಾಗಿ ಬಿದ್ದವು, ಕೊನೆಗೆ ಒಂದು ಉಳಿಯಿತು. ಉಪ್ಪು ಹಾಕಿದ ಯಜಮಾನರಿಗೆ ಅಷ್ಟೆಲ್ಲ ಪಾಠ ಹೇಳಿದ್ದ ನನಗೆ ಮುಖ ತೋರಿಸಲು ನಾಚಿಕೆಯಾಯಿತು. ಹೇಳಿದಾಗ ಅವರು, "ಇರ್ಲಿ ಕಣವ್ವ, ನಾನು ಉಪ್ಪು ಹಾಕ್ದೆ, ನೀನು ಚಕ್ಕೆ ಹಾಕ್ದೆ. ಇಬ್ರೂ ಸೇರಿ ಸಾರು ಮಾಡ್ಬುಟ್ವಿ," ಎಂದರು. ಅವತ್ತಿನಿಂದ ಅವರು ನನಗೆ ಗಿರಾಕಿಯಾಗಿ ಉಳಿಯಲಿಲ್ಲ. ಸೋಮವಾರ ಬಂತೆಂದರೆ ಅವರಿಗೆಂದು ಸಕ್ಕರೆ ಕಡಿಮೆ ಹಾಕಿದ ಟೀ ಇಡತೊಡಗಿದೆ.

ಆ ವಾರ ಅವರ ಮಗನ ಫೋನು ಬಂತು. ಒಳ್ಳೆಯ ಮಾತಿನ ಹುಡುಗ. "ಮೇಡಂ, ಅಪ್ಪ ಊಟಕ್ಕೆ ಕೂತ್ರೂ ಅದೇ ಮಾತಾಡ್ತಾರೆ. ಅದೇ ಬಣ್ಣದ್ದು ಹೊಸದೊಂದು ಕೊಟ್ಬಿಡಿ. ಅವ್ಳು ಬರೋಷ್ಟರಲ್ಲಿ ಕಿಟಕೀಲಿ ಇಟ್ಬಿಡ್ತೀವಿ," ಎಂದ. ನನಗೂ ಹಗುರವಾಯಿತು. ಹೊಸ ಲೋಡಿನಲ್ಲಿ ಅಂಥದ್ದೇ ಬಿಳಿ ಹೂವಿನ, ಒಡಲಲ್ಲಿ ನೇರಳೆ ಇರುವ ಗಿಡವಿತ್ತು. ಸೋಮವಾರ ಅದನ್ನು ಯಜಮಾನರ ಮುಂದಿಟ್ಟೆ.

ಅವರು ಬಹಳ ಹೊತ್ತು ನೋಡಿದರು. "ಚೆಂದಾಗೈತೆ," ಎಂದರು. ಆಮೇಲೆ ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಅವ್ಳು ದಿನಾ ಒದ್ದೆ ಬಟ್ಟೇಲಿ ಆ ಎಲೆ ಒರೆಸೋಳು. ಕೈ ಇಟ್ಟೇಟ್ಗೇ ಗೊತ್ತಾಗ್ಬುಡ್ತದೆ ಇದು ಬ್ಯಾರೆ ಅಂತ. ಗೊತ್ತಾದ್ರೂ ನನ್ ಮಕ ನೋಡಿ ಸುಮ್ನಿದ್ಬುಡ್ತಾಳೆ. ಅದ್ಕೇ ಬ್ಯಾಡ. ಸತ್ರೆ ಸತ್ತೋಯ್ತು ಅಂತ್ಲೇ ಹೇಳಾನ. ಇರೋದ್ನ ನೋಡು."

ಇರೋದನ್ನು ನೋಡಿದೆ. ಉಳಿದಿದ್ದ ಒಂದೇ ಎಲೆಯ ಬುಡದಲ್ಲಿ ಕಂದು ಬಣ್ಣದ ಒಂದು ಗೆರೆ. ಕೊಳೆ ನಿಂತಿರಲಿಲ್ಲ, ಒಳಗೊಳಗೇ ಇಳಿಯುತ್ತಿತ್ತು. ನನ್ನ ಮುಂದೆ ಎರಡೇ ದಾರಿ. ಎಲೆ ಬಿಟ್ಟರೆ ಕೊಳೆ ಬುಡಕ್ಕೆ ಇಳಿದು ಮಲಗಿರುವ ಕಣ್ಣುಗಳನ್ನೂ ತಿನ್ನುತ್ತದೆ. ಎಲೆ ಕತ್ತರಿಸಿದರೆ ಗಿಡಕ್ಕೆ ಅನ್ನ ಬೇಯಿಸುವ ಒಲೆಯೇ ಹೋದಂತೆ. ಎಲೆಯಿಲ್ಲದ ಮೋಟು ತನ್ನೊಳಗೆ ಕೂಡಿಟ್ಟಿದ್ದರಲ್ಲಿ ಎಷ್ಟು ದಿನ ತಳ್ಳೀತು? ಇದನ್ನು ಅವರಿಗೆ ಹೇಳಿದೆ. ಅವರು ಯೋಚಿಸಿ, "ಎಲೆ ನೋಡಾಕೆ ಚೆಂದ. ಬುಡ ಇದ್ರೆ ತಾನೇ ಮುಂದ್ಕೆ?" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡು ತೆಂಗಿನ ಸಸಿಗಳ ಕಡೆ ಎದ್ದು ಹೋದರು. ಕತ್ತರಿಸುವುದನ್ನು ನೋಡಲು ಅವರಿಗೆ ಆಗಲಿಲ್ಲ.

ಎಲೆ ತೆಗೆದು, ಕಾಂಡವನ್ನು ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿದ ಹಾಗೆ ತೆಳುವಾಗಿ ಇಳಿಸುತ್ತಾ ಬಂದೆ. ಕಂದು, ಮತ್ತೆ ಕಂದು. ಇನ್ನು ಉಳಿಯುವುದೇನೂ ಇಲ್ಲ ಅನ್ನುವಾಗ ತಿಳಿಹಸಿರು ಬಿಳುಪು ಕಂಡಿತು. ಅಲ್ಲಿಗೆ ಕೈ ನಿಲ್ಲಿಸಿ, ಈ ಸಲ ಗಾಯಕ್ಕೆ ಮಾತ್ರ ಚಿಟಿಕೆ ಚಕ್ಕೆ ಪುಡಿ ಇಟ್ಟೆ. ಉಳಿದದ್ದು ಹೆಬ್ಬೆರಳಿನ ಗಾತ್ರದ ಒಂದು ಮೋಟು, ಕೆಳಗೆ ಜೀವವಿದ್ದೂ ಇಲ್ಲದಂಥ ಬೇರು.

ನಮ್ಮೂರ ಬೇಸಿಗೆಯ ಒಣಗಾಳಿ ಅದಕ್ಕೆ ಆಗುವುದಿಲ್ಲ. ಹಾಗಂತ ನೀರು ಹಾಕಿದರೆ ಮತ್ತೆ ಕೊಳೆ. ದೊಡ್ಡ ಪ್ಲಾಸ್ಟಿಕ್ ಕವರಿನ ತಳದಲ್ಲಿ ಹಿಂಡಿದ ಒದ್ದೆ ಪಾಚಿ ಹರಡಿ, ಅದರ ಮೇಲೆ ಬೇರು ತಾಗದಂತೆ ಕುಂಡ ಕೂರಿಸಿ, ಕವರಿಗೆ ಅಲ್ಲಲ್ಲಿ ತೂತು ಮಾಡಿ ಬಾಯಿ ಕಟ್ಟಿದೆ. ಬಿಸಿಲು ಹೊಡೆಯದ, ಬೆಳಕು ಬರುವ ಮೂಲೆಯಲ್ಲಿಟ್ಟೆ. ಇನ್ನು ನನ್ನ ಕೆಲಸ ಏನೂ ಮಾಡದೆ ಇರುವುದು. ಇದು ನನಗೆ ಬಹಳ ಕಷ್ಟ. ದಿನಕ್ಕೊಂದು ಸಲವಾದರೂ ಕವರು ಬಿಚ್ಚಬೇಕೆನ್ನಿಸುತ್ತಿತ್ತು. ನನ್ನ ಗಂಡ ಅತ್ತ ಹೋಗುವಾಗ ಬರುವಾಗ, "ನಿನ್ ಐಸಿಯು ಪೇಷೆಂಟು ಹೆಂಗವ್ರೆ?" ಎಂದು ರೇಗಿಸುತ್ತಿದ್ದ. ಆದರೆ ಕವರಿನ ಮೇಲೆ ಬಿಸಿಲು ಬೀಳತೊಡಗಿದ ದಿನ ಒದ್ದೆ ಗೋಣಿತಾಟು ಅಡ್ಡ ಕಟ್ಟಿದವನೂ ಅವನೇ.

ಯುಗಾದಿ ಕಳೆಯಿತು. ಮೊದಲ ಮಳೆ ಬಿತ್ತು. ಸೋಮವಾರ ಸೋಮವಾರ ಯಜಮಾನರು ಬಂದು, ಕವರಿನ ಹೊರಗಿಂದಲೇ ಮೋಟನ್ನು ನೋಡಿ, ಟೀ ಕುಡಿದು ಹೋಗುತ್ತಿದ್ದರು. ಪೂಜೆಯ ನೀರನ್ನು ಒಂದು ಬಿಂದಿಗೆಯಲ್ಲಿ ಕೂಡಿಟ್ಟು, ಇಲ್ಲಿಗೆ ಬರುವಾಗ ತಂದು ನನ್ನ ಬಿಲ್ವದ ಸಸಿಗಳಿಗೆ ಹಾಕುವುದು ಅಭ್ಯಾಸವಾಯಿತು.

ಅಂಥ ಒಂದು ಸೋಮವಾರ ಅವರು ಕವರಿಗೆ ಮುಖವಿಟ್ಟುಕೊಂಡು, "ಅವ್ವ, ಬಾ ಇಲ್ಲಿ," ಎಂದರು. ಬುಡದ ಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಸಿರು ಗುಬುಟು. ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಅದು ಬೇರೂ ಆಗಿರಬಹುದು. ಬೇರಾದರೆ ಕೂಡಿಟ್ಟ ಶಕ್ತಿಯೆಲ್ಲ ಅದಕ್ಕೇ ಖರ್ಚಾಗಿ ಮೋಟು ಒಣಗಬಹುದು. ತುದಿ ಉರುಟಾಗಿ ಹೊಳೆದರೆ ಬೇರು, ಚಪ್ಪಟೆಯಾಗಿ ಚೂಪಾದರೆ ಎಲೆ. ಅಷ್ಟು ಚಿಕ್ಕದರಲ್ಲಿ ಏನು ತಿಳಿಯುತ್ತದೆ? ಗಂಡ ಬೇರು ಎಂದ. ಯಜಮಾನರು ಎಲೆಯೇ ಎಂದರು. ನಾನು ಎರಡೂ ಕಡೆ ಇರಲಿಲ್ಲ, ಒಳಗೊಳಗೆ ಮಾತ್ರ ಯಜಮಾನರ ಕಡೆ ಇದ್ದೆ.

ಆ ವಾರದ ನಡುವೆ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಬಂದಳು. ತಾಯಿ ವಾಕರ್ ಹಿಡಿದು ಓಡಾಡುವಂತಾದ ಮೇಲೆ ಹಿಂದಿನ ದಿನವಷ್ಟೇ ಕುಣಿಗಲ್‌ನಿಂದ ಬಂದಿದ್ದಳು. "ಅಕ್ಕ, ನಮ್ಮನೆಯವ್ರು ಒಂದ್ ಆರ್ಕಿಡ್ ತಂದುಕೊಟ್ಟಿದ್ರಂತಲ್ಲ," ಎಂದಳು. ಸೊಸೆ ಎಂದು ಗೊತ್ತಾಯಿತು. ಒಳಗೆ ಕರೆದುಕೊಂಡು ಹೋಗಿ ಮೋಟು ತೋರಿಸಿದೆ. ಕುಂಡದ ಅಂಚಿನ ಹಳೇ ಬಿರುಕು ನೋಡಿ ತನ್ನದೇ ಎಂದು ಗುರುತು ಹಿಡಿದಳು. ಕಣ್ಣು ತುಂಬಿ ಬಂತು, ಒರೆಸಿಕೊಂಡಳು.

"ನೀರು ಜಾಸ್ತಿಯಾಗಿತ್ತು," ಎಂದು ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದೆ.

"ಮಾವ ಪೂಜೆ ನೀರು ಹಾಕ್ತಿದ್ರು. ನಂಗೊತ್ತಿತ್ತು ಅಕ್ಕ."

ನಾನು ಮುಖ ನೋಡಿದೆ.

"ದಿನಾ ಸಂಜೆ ವಿಡಿಯೋ ಕಾಲ್ ಮಾಡ್ತಿದ್ದೆ. ಮಾವ ಕಿಟಕಿ ಪಕ್ಕಾನೇ ಕೂರೋರು. ಹಿಂದೆ ಗಿಡ ಕಾಣೋದು. ಎಲೆ ಮೇಲೆ ವಿಭೂತಿ, ಸುಳೀಲಿ ಹೂವಿನೆಸಳು. ದಿನಾ ಒಂಚೂರು ಒಂಚೂರು ಬಾಡ್ತಾ ಇತ್ತು."

"ಮತ್ತೆ ಒಂದು ಮಾತು ಹೇಳಬಾರದಿತ್ತೇನಮ್ಮ?"

"ಹೇಳಿದ್ರೆ ನಿಲ್ಲಿಸ್ತಿದ್ರು. ನಿಲ್ಲಿಸಿ ತಂಬಿಗೆ ಹಿಡ್ಕೊಂಡು ಮೆಟ್ಲು ಇಳಿಯೋರು, ಆ ಮಂಡೀಲಿ." ಕವರಿನ ಮೇಲೆ ಕೈಯಿಟ್ಟು ಮುಂದುವರಿಸಿದಳು. "ನಮ್ಮಮ್ಮ ಬಿದ್ದಿದ್ದು ಮೂರೇ ಮೆಟ್ಲಿಂದ ಅಕ್ಕ. ಮಾವಂದು ಎರಡು ಮಹಡಿ. ಗಿಡ ಹೋದ್ರೆ ಇನ್ನೊಂದು ತರಬಹುದು. ಅದಕ್ಕೇ ಸುಮ್ನಿದ್ದೆ. ಆಮೇಲೊಂದು ದಿನ ಕಿಟಕೀಲಿ ಗಿಡ ಕಾಣಲಿಲ್ಲ ಅಂತ ಕೇಳ್ದಾಗ ನಮ್ಮನೆಯವ್ರು ನರ್ಸರಿಗೆ ಕೊಟ್ಟಿದೀವಿ ಅಂದ್ರು."

ಇದನ್ನು ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ತಡೆದೆ. ಆಮೇಲೆ ಹೇಳಿಯೇಬಿಟ್ಟೆ. "ತಂದಿದ್ದು ನಿಮ್ಮನೆಯವ್ರಲ್ಲ. ನಿಮ್ ಮಾವ. ಆಟೋದಲ್ಲಿ, ಚೀಲ ಎದೆಗೆ ಅಪ್ಕೊಂಡು. ಅವತ್ತಿಂದ ಒಂದ್ ಸೋಮವಾರಾನೂ ತಪ್ಪಿಸಿಲ್ಲ."

ಅವಳು ಮೊದಲು ನನ್ನನ್ನು, ಆಮೇಲೆ ಆ ಸ್ಟೂಲನ್ನು ನೋಡಿದಳು. "ಮೆಟ್ಲು ಇಳಿದ್ರಾ?" ಎಂದಳು. ನಗಲು ಹೋಗಿ ಅತ್ತುಬಿಟ್ಟಳು. ನಾನೂ ಅತ್ತೆ. ತಂಬಿಗೆ ಹಿಡಿದು ಇಳಿಯಬಾರದು ಎಂದು ಅವಳು ಬಿಟ್ಟುಕೊಟ್ಟ ಗಿಡವನ್ನೇ ಹಿಡಿದು ಅವರು ಇಳಿದಿದ್ದರು. ಸಮಾಧಾನವಾದ ಮೇಲೆ, "ನಂಗೆ ಗೊತ್ತಿತ್ತು ಅಂತ ಮಾವನಿಗೆ ಹೇಳ್ಬೇಡಿ ಅಕ್ಕ," ಎಂದಳು. ಆಯಿತು ಎಂದೆ.

ಮುಂದಿನ ಸೋಮವಾರ ಆಟೋ ಬರಲಿಲ್ಲ. ಸ್ಕೂಟರು ಬಂತು. ಹಿಂದಿನ ಸೀಟಿನಲ್ಲಿ ಯಜಮಾನರು ಬಿಂದಿಗೆ ತಬ್ಬಿಕೊಂಡು ಕೂತಿದ್ದರು. ಇಳಿದವರು ಸ್ಟೂಲಿನ ಮೇಲೂ ಕೂರದೆ, ಕವರಿನ ಮುಂದೆ ನಿಂತು, "ನಂದೇ ತಪ್ಪು ಕಣವ್ವ. ಪೂಜೆ ನೀರು ನಾನೇ ಹಾಕಿದ್ದು. ಉಪ್ಪೂ ನಾನೇ ಹಾಕಿದ್ದು," ಎಂದು ಸೊಸೆಗೆ ಹೇಳಿದರು. ಎಷ್ಟು ದಿನದಿಂದ ಅಭ್ಯಾಸ ಮಾಡಿದ್ದ ಮಾತೋ.

"ಹೌದಾ ಮಾವ?" ಎಂದಳು ಅವಳು, ಈಗಷ್ಟೇ ಕೇಳಿದವಳ ಹಾಗೆ. "ಹೋಗ್ಲಿ ಬಿಡಿ. ಉಪ್ಪು ಯಾಕೆ ಹಾಕಿದ್ರಿ?"

ನಾನು ಬೇಗ ಬೇಗ ಕವರು ಬಿಚ್ಚಿದೆ, ಇಲ್ಲದಿದ್ದರೆ ನಕ್ಕುಬಿಡುತ್ತಿದ್ದೆ. ಗುಬುಟು ಚಪ್ಪಟೆಯಾಗಿತ್ತು. ತುದಿಯಲ್ಲಿ ಕೂದಲೆಳೆಯಂಥ ಗೆರೆ ಬಿಟ್ಟು, ಒಳಗಿಂದ ಇನ್ನೂ ತಿಳಿಯಾದ ಹಸಿರು ಇಣುಕುತ್ತಿತ್ತು. ಎಲೆಯೇ. ನನ್ನ ಗಂಡ ಬಗ್ಗಿ ನೋಡಿ, ಸೋತದ್ದನ್ನು ಒಪ್ಪಿಕೊಳ್ಳದೆ ಟೀ ತರಲು ಹೋದ.

ಎರಡನೇ ಎಲೆ ಬಂದು, ಮರಿಗೆ ಅದರದೇ ಬೇರು ಇಳಿದ ಮೇಲೆ ಗಿಡವನ್ನು ಮನೆಗೆ ಕಳಿಸಿದೆ. ಜೊತೆಗೊಂದು ದೊಡ್ಡ ಸಿಮೆಂಟು ಕುಂಡದಲ್ಲಿ ಬಿಲ್ವದ ಸಸಿಯನ್ನೂ ಕಳಿಸಿದೆ. ಅದು ಅವರ ಮನೆ ಬಾಗಿಲ ಪಕ್ಕದಲ್ಲೇ, ಮೆಟ್ಟಿಲಿಗಿಂತ ಇತ್ತಲಾಗಿದೆ. ಪೂಜೆಯ ನೀರು ಈಗ ಅದಕ್ಕೆ. ಹೂವಿಗೆ ಇನ್ನೂ ಒಂದೆರಡು ವರ್ಷವಾದರೂ ಬೇಕು, ಅವಸರ ಮಾಡಬೇಡಿ ಎಂದು ಇಬ್ಬರಿಗೂ ಹೇಳಿ ಕಳಿಸಿದೆ.

ಮೊನ್ನೆ ಸೊಸೆ ಒಂದು ಫೋಟೋ ಕಳಿಸಿದ್ದಳು. ಕಿಟಕಿಯಲ್ಲಿ ಗಿಡ, ಹೊಸ ಎಲೆ ಅಂಗೈಯಷ್ಟಾಗಿದೆ. ಎಲೆಯ ಮೇಲೆ ಅಡ್ಡಡ್ಡಲಾಗಿ ಮೂರು ಬೆರಳಿನ ವಿಭೂತಿ. ಕೆಳಗೆ ಬರೆದಿದ್ದಳು, "ಒಣ ವಿಭೂತಿ ಅಕ್ಕ, ನೀರಿಲ್ಲ. ಒರೆಸಲಾ, ಇರಲಾ?"

ಇರಲಿ ಬಿಡಮ್ಮ ಎಂದು ಬರೆದೆ.